ಲೇಕ್ ಜಿನೀವಾದ ನಾಮಕರಣಗಳು

ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ದಕ್ಷಿಣದ ಅಂಚಿನಲ್ಲಿ, ಸರೋವರವೊಂದರ ದಡದ ಮೇಲೆ, ಲೇಕ್ ಜಿನೀವಾ ಎಂಬ ಪುಟ್ಟ ಪಟ್ಟಣವೊಂದುಂಟು. 1972ನೆಯ ಇಸವಿ ಮುಗಿಯುತ್ತ ಬಂದಿದ್ದ ದಿನಗಳಲ್ಲಿ, ವಿಮಾ ಕಂಪನಿಯ ಉದ್ಯೋಗವನ್ನು ಕಳೆದುಕೊಂಡು ಪಾದರಕ್ಷೆಗಳ ದುರಸ್ತಿಯಿಂದ ಸಂಸಾರವನ್ನು ಸಾಗಿಸುತ್ತಿದ್ದ ಗ್ಯಾರಿ ಗೈಗ್ಯಾಕ್ಸ್ ಎಂಬ ಗೃಹಸ್ಥರು, ಆ ಊರಿನ ತಮ್ಮ ಮನೆಯಲ್ಲಿ, ಮಗನಾದ ಅರ್ನಿಯನ್ನೂ ಮಗಳಾದ ಎಲೀಸಳನ್ನೂ ಎದುರಿಗೆ ಕುಳ್ಳಿರಿಸಿಕೊಂಡು, ತಾವೇ ಕಲ್ಪಿಸಿದ ಗ್ರೇಹಾಕ್ ಎಂಬ ಕೋಟೆಯ ನೆಲಮಾಳಿಗೆಗಳಲ್ಲಿ ಅವರನ್ನು ಬರಿಯ ಮಾತಿನ ಬಲದಿಂದ ನಡೆಯಿಸಿದರು. ಹುಡುಗನು ಮಾಂತ್ರಿಕನಾದನು, ಹುಡುಗಿ ಪೂಜಾರಿಣಿಯಾದಳು. ಆದರೆ ಮಾಂತ್ರಿಕನೆಂದ ಮೇಲೆ ಅವನಿಗೊಂದು ಹೆಸರು ಬೇಡವೆ? ಅರ್ನೆಸ್ಟ್ ಎಂಬ ತನ್ನ ನಿಜನಾಮದ ರೋಮನ್ ಅಕ್ಷರಗಳನ್ನೇ ಚದುರಿಸಿ ಮರಳಿ ಜೋಡಿಸಿದಾಗ ಬಾಲಕನಿಗೆ ‘ಟೆನ್ಸರ್’ ಎಂಬ ಹೆಸರು ದೊರೆಯಿತು. ಎಲೀಸಳ ಪೂಜಾರಿಣಿ ‘ಅಹ್ಲಿಸ್ಸಾ’ ಎನಿಸಿಕೊಂಡಳು. ಮುಂದೆ 1974ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ, ಮೂರು ಪುಸ್ತಿಕೆಗಳ ಪೆಟ್ಟಿಗೆಯಾಗಿ, ಸಾವಿರ ಪ್ರತಿಗಳ ಮೊದಲ ಮುದ್ರಣದಲ್ಲಿ ಲೋಕದ ಮುಂದೆ ಬಂದ ಆಟದ ತೊಟ್ಟಿಲು ಈ ಮನೆಯೇ.

ಈ ನಾಮಕರಣಗಳ ಹಿಂದೆ ನಾಮವಿಲ್ಲದ ಒಂದು ಕಾಲವಿತ್ತೆಂಬುದನ್ನು ಮರೆಯಬಾರದು. ಮೇಜಿನ ಮೇಲೆ ತವರದ ಸೈನಿಕರನ್ನು ಸಾಲುಗಟ್ಟಿ ನಿಲ್ಲಿಸಿ ಗತಕಾಲದ ಯುದ್ಧಗಳನ್ನು ಮತ್ತೆ ಹೋರುತ್ತಿದ್ದ ಹವ್ಯಾಸಿಗಳಿಗೆ ದಳವೂ ಪಡೆಯೂ ಗೋಚರಿಸುತ್ತಿದ್ದುವಲ್ಲದೆ ಅದರೊಳಗಣ ಒಬ್ಬೊಬ್ಬ ಮನುಷ್ಯನು ಗೋಚರಿಸುತ್ತಿರಲಿಲ್ಲ. ದಾಳವುರುಳಿದಾಗ ಸತ್ತವನು ಒಬ್ಬ ಸಿಪಾಯಿ, ಅಷ್ಟೆ. 1969ರಲ್ಲಿ ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಎಂಬ ಅವಳಿ ನಗರಗಳ ಆಟಗಾರರಿಗಾಗಿ ಡೇವಿಡ್ ವೆಸ್ಲಿಯವರು ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣವನ್ನು ರಚಿಸಿ, ಒಬ್ಬನಿಗೆ ನಗರಾಧ್ಯಕ್ಷನ ಪಾತ್ರವನ್ನೂ ಮತ್ತೊಬ್ಬನಿಗೆ ಸಾಹುಕಾರನ ಪಾತ್ರವನ್ನೂ ಹಂಚಿದಾಗ, ಸೈನ್ಯದ ಸ್ಥಾನದಲ್ಲಿ ಮೊದಲ ಬಾರಿಗೆ ವ್ಯಕ್ತಿಯು ಮೈದೋರಿದನು. ಅವರ ಗೆಳೆಯರಾದ ಡೇವ್ ಆರ್ನೆಸನ್ನರು ತಮ್ಮ ಬ್ಲ್ಯಾಕ್‌ಮೂರ್ ಎಂಬ ನಾಡಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ಅಲ್ಲಿ ಗ್ರೆಗ್ ಸ್ವೆನ್ಸನ್ನರು ‘ಮಹಾ ಸ್ವೆನಿ’ಯಾದರು, ಮೈಕ್ ಕಾರ್ ಅವರು ‘ಬಿಷಪ್ ಕಾರ್’ ಆದರು. ಮನುಷ್ಯನು ತನ್ನ ಸ್ವಂತ ಹೆಸರನ್ನು ಕೈಬಿಡದೆಯೇ, ಹೊಸ್ತಿಲಾಚೆಯ ಕತ್ತಲೆಗೆ ಅದನ್ನೇ ದೀಪವಾಗಿ ಹಿಡಿದುಕೊಂಡು ಹೊರಟಂತಿದೆ ಈ ಮೊದಲ ನಾಮಕರಣಗಳ ರೀತಿ.

ಇಂದಿನ ಆಟಗಾರರು ತಮ್ಮ ಪಾತ್ರಕ್ಕೆ ಹೆಸರಿಡುವಾಗ ನಿಘಂಟುಗಳನ್ನು ತಡಕಿ, ಶೌರ್ಯವನ್ನೋ ವಿಷಾದವನ್ನೋ ಸೂಚಿಸುವ ಪದವನ್ನು ಅರಸುವುದುಂಟು. ಅದು ತಪ್ಪೆಂದು ನಾನು ಹೇಳಲಾರೆ. ಆದರೆ ಲೇಕ್ ಜಿನೀವಾದ ಮೇಜಿನ ಸುತ್ತ ಹುಟ್ಟಿದ ಹೆಸರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದವನಿಗೆ, ಅವುಗಳ ಒಳಗೆ ದೊರೆಯುವುದು ಬಹುಮಟ್ಟಿಗೆ ಒಬ್ಬ ಮಿತ್ರನ ಅಥವಾ ಮಗುವಿನ ಮುಖ. ಜಿಮ್ ವಾರ್ಡರ ಹೆಸರನ್ನು ಕೊನೆಯಿಂದ ಮೊದಲಿಗೆ ಓದಿದರೆ ‘ಡ್ರಾಮಿಜ್’ ಎಂಬ ಮಾಂತ್ರಿಕನು ಬರುತ್ತಾನೆ. ನಮ್ಮ ಚಿತ್ರಕವಿಗಳು ಗತಪ್ರತ್ಯಾಗತವೆಂದು ಆದರಿಸಿದ ಅಕ್ಷರಕ್ರೀಡೆಯ ದೂರದ ಬಂಧುವೆಂದು ಇದನ್ನು ಕರೆಯಬಹುದು. ಗೈಗ್ಯಾಕ್ಸರ ಮತ್ತೊಬ್ಬ ಮಗನಾದ ಲೂಕನ ಪಾತ್ರದ ಕಥೆ ಇದಕ್ಕಿಂತಲೂ ಹೃದ್ಯವಾದುದು. ಅವನ ಹಾಳೆಯ ಮೇಲೆ ಲಿಂಗವೆಂಬಲ್ಲಿ ಪುರುಷನೆಂಬುದಕ್ಕೆ ಸಂಕೇತವಾದ ‘ಎಂ’ ಅಕ್ಷರವೂ, ಜಾತಿಯೆಂಬಲ್ಲಿ ‘ಎಲ್ಫ್’ ಎಂಬ ಯಕ್ಷಕುಲದ ಹೆಸರೂ ಇದ್ದುವು. ಹೆಸರೆಂಬಲ್ಲಿ ಮಾತ್ರ ಏನೂ ಇರಲಿಲ್ಲ. ಎರಡನ್ನೂ ಕೂಡಿಸಿ ಓದಿದಾಗ ‘ಮೆಲ್ಫ್’ ಹುಟ್ಟಿದನು.

ಹೆಸರಿಡಲು ಆ ಮೊದಲ ಆಟಗಾರರು ಅಷ್ಟಾಗಿ ತೊಡಗದಿದ್ದುದಕ್ಕೆ ಆಟದ ಗಣಿತದಲ್ಲಿಯೇ ಕಾರಣವುಂಟು. 1974ರ ನಿಯಮಗಳ ಪ್ರಕಾರ ಹೊಸ ಮಾಂತ್ರಿಕನ ಜೀವಬಲವು ಆರು ಮುಖದ ದಾಳವೊಂದನ್ನು ಒಮ್ಮೆ ಎಸೆದಾಗ ಬಂದಷ್ಟು. ಶತ್ರುವಿನ ಆಯುಧದ ಒಂದು ಪೆಟ್ಟು ಕಳೆಯುವುದೂ ಅಂತಹುದೇ ಒಂದು ದಾಳದಷ್ಟು. ಮೊದಲ ಪೆಟ್ಟಿಗೇ ಮಡಿಯಬಹುದಾದ ಶಿಶುವಿಗೆ ಯಾರು ತಾನೆ ಸಾವಧಾನವಾಗಿ ಹೆಸರು ಹುಡುಕಿಯಾರು? ಬದುಕಿ ಉಳಿದವನಿಗೆ, ಉಳಿದನೆಂಬ ಕಾರಣದಿಂದಲೇ, ಅವಸರದಲ್ಲಿ ಇಟ್ಟ ಹೆಸರೂ ಅರ್ಥವತ್ತಾಗುತ್ತಿತ್ತು.

ಗೈಗ್ಯಾಕ್ಸರಾದರೂ ತಮ್ಮ ಸ್ವಂತ ಪಾತ್ರಕ್ಕೆ ಹೆಸರಿಡುವಾಗ ಗ್ರಂಥಗಳ ಕಡೆಗೆ ತಿರುಗಿದರು. ರಾಬ್ ಕುಂಟ್ಸ್ ಎಂಬ ತರುಣ ಮಿತ್ರನು ಆಟವನ್ನು ನಡೆಸುವಾಗ ಅವರು ತಳೆದ ಮಾಂತ್ರಿಕನ ಹೆಸರು ‘ಮಾರ್ಡೆನ್‌ಕೈನೆನ್’. ಅದರ ಕೊನೆಯ ನಾದವು ಫಿನ್ಲೆಂಡಿನ ‘ಕಲೆವಾಲಾ’ ಮಹಾಕಾವ್ಯದ ಲೆಮ್ಮಿನ್‌ಕೈನೆನ್ ಎಂಬ ವೀರನ ಹೆಸರಿನದು. ಇಂತಹುದೇ ಋಣಸ್ಮರಣೆ 1976ರಲ್ಲಿ ಪ್ರಕಟವಾದ ಪೂರಕ ಪುಸ್ತಿಕೆಯೊಂದರಲ್ಲಿ ಅಡಗಿದೆ. ಒಂದು ಕೈ ಮತ್ತು ಒಂದು ಕಣ್ಣು ಮಾತ್ರ ಉಳಿದಿದ್ದ ‘ವೆಕ್ನಾ’ ಎಂಬ ದುಷ್ಟ ಮಾಂತ್ರಿಕನ ಹೆಸರು ಜ್ಯಾಕ್ ವ್ಯಾನ್ಸ್ ಎಂಬ ಕಾದಂಬರಿಕಾರರ ಕುಲನಾಮದ ಅಕ್ಷರಪಲ್ಲಟ. ಮಂತ್ರವನ್ನು ಕಂಠಪಾಠ ಮಾಡಿ, ಒಮ್ಮೆ ಉಚ್ಚರಿಸಿದೊಡನೆ ಮರೆತುಬಿಡುವ ಆಟದ ಮುಖ್ಯ ಕಲ್ಪನೆಯು ವ್ಯಾನ್ಸರ ಕಥೆಗಳಿಂದಲೇ ಬಂದುದಾಗಿತ್ತು. ಗುರುದಕ್ಷಿಣೆಯನ್ನು ಹೀಗೂ ಸಲ್ಲಿಸಬಹುದೆಂಬುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ.

ಪದದ ಧಾತುವನ್ನೇ ಶೋಧಿಸಿ ಹೆಸರಿಡುವ ಮಾರ್ಗಕ್ಕೆ ಆಚಾರ್ಯರೆಂದರೆ ಇಂಗ್ಲೆಂಡಿನ ಟೋಲ್ಕಿನ್ನರು. 1937ರಲ್ಲಿ ಪ್ರಕಟವಾದ ಅವರ ‘ದಿ ಹಾಬಿಟ್’ ಕಥೆಯ ಕುಬ್ಜರ ಹೆಸರುಗಳು ಪ್ರಾಚೀನ ಐಸ್ಲೆಂಡಿನ ‘ವೊಲುಸ್ಪಾ’ ಕಾವ್ಯದ ಪಟ್ಟಿಯೊಂದರಿಂದ ಬಂದುವು. ದಂಡವನ್ನು ಹಿಡಿದ ಯಕ್ಷನೆಂಬರ್ಥ ಕೊಡುವ ‘ಗ್ಯಾಂಡಾಲ್ಫ್’ ಕೂಡ ಅದೇ ಪಟ್ಟಿಯಲ್ಲಿದೆ. ಕಥೆಯ ಮೊದಲ ಕರಡಿನಲ್ಲಿ ಈ ಹೆಸರು ಕುಬ್ಜರ ನಾಯಕನದಾಗಿದ್ದು, ಮಾಂತ್ರಿಕನಿಗೆ ‘ಬ್ಲಾಡಾರ್ಥಿನ್’ ಎಂಬ ಬೇರೊಂದು ಹೆಸರಿತ್ತು. ದಂಡವು ಯಾರ ಕೈಯಲ್ಲಿ ಶೋಭಿಸೀತೆಂಬುದು ಪಂಡಿತರಾದ ಟೋಲ್ಕಿನ್ನರಿಗೂ ಬರೆಯುತ್ತ ಬರೆಯುತ್ತಲೇ ತಿಳಿಯಿತೆಂದಾಯಿತು. ಟೋಲ್ಕಿನ್ನರ ಪದಗಳನ್ನು ಅಮೆರಿಕದ ಆಟವು ನಿಸ್ಸಂಕೋಚವಾಗಿ ಬಳಸಿಕೊಂಡಿತು. ಆದರೆ ಹಕ್ಕುದಾರರ ಆಕ್ಷೇಪಣೆಯ ತರುವಾಯ, 1977ರ ಸುಮಾರಿಗೆ, ‘ಹಾಬಿಟ್’ ಎಂಬುದು ‘ಹಾಫ್ಲಿಂಗ್’ ಆಗಿಯೂ ‘ಎಂಟ್’ ಎಂಬುದು ‘ಟ್ರೀಯೆಂಟ್’ ಆಗಿಯೂ ಮಾರ್ಪಟ್ಟುವು. ಮಕ್ಕಳ ಮತ್ತು ಮಿತ್ರರ ಹೆಸರುಗಳನ್ನು ಪಲ್ಲಟಿಸಿ ಮಾಡಿದ ನಾಮಗಳಿಗೆ ಆಗ ಅಂತಹ ಆತಂಕವೊದಗಲಿಲ್ಲ. 1978ರ ಆಟಗಾರರ ಕೈಪಿಡಿಯಲ್ಲಿ ‘ಟೆನ್ಸರನ ತೇಲುವ ತಟ್ಟೆ’ ಎಂಬಂತೆ ಮಂತ್ರಗಳಿಗೇ ಆ ಹೆಸರುಗಳು ಅಂಟಿಕೊಂಡು, ಲೇಕ್ ಜಿನೀವಾವನ್ನು ಎಂದೂ ಕಾಣದ ಲಕ್ಷಾಂತರ ಜನರ ಬಾಯಲ್ಲಿ ನೆಲೆಗೊಂಡುವು. ಮುಂದೆ 2000ದ ಇಸವಿಯಲ್ಲಿ ಆಟದ ನಿಯಮಗಳನ್ನು ಇತರರೂ ಉಪಯೋಗಿಸಲೆಂದು ಮುಕ್ತ ಪರವಾನಗಿಯ ಮೇಲೆ ಹೊರತಂದಾಗ ಆಟದ ಒಡೆತನವನ್ನು ಹೊಂದಿದ್ದ ಕಂಪನಿಯು ಈ ಹೆಸರುಗಳನ್ನು ತನ್ನ ಸ್ವತ್ತೆಂದು ಹಿಡಿದಿಟ್ಟುಕೊಂಡು, ಬರಿಯ ‘ತೇಲುವ ತಟ್ಟೆ’ಯನ್ನು ಮಾತ್ರ ಜಗತ್ತಿಗೆ ಕೊಟ್ಟಿತು. ಬಾಲಕನೊಬ್ಬನು ತನ್ನ ಹೆಸರನ್ನು ತಿರುಗಿಸಿ ಮಾಡಿದ ಆಟಿಕೆಗೆ ಅಷ್ಟು ಬೆಲೆ ಬಂದಿತ್ತು.

ಜಪಾನಿನ ಒಂದು ದೃಷ್ಟಾಂತವನ್ನು ಇಲ್ಲಿ ಬಿಡಲಾರೆ. 1986ರ ‘ಡ್ರ್ಯಾಗನ್ ಕ್ವೆಸ್ಟ್’ ಎಂಬ ವಿಡಿಯೋ ಆಟದಲ್ಲಿ ನಾಯಕನಿಗೆ ನಾಲ್ಕೇ ಅಕ್ಷರಗಳ ಹೆಸರಿಗೆ ಎಡೆಯಿತ್ತು. ಮತ್ತು ಆಟಗಾರನು ಇಟ್ಟ ಹೆಸರಿನ ಅಕ್ಷರಗಳನ್ನು ಯಂತ್ರವು ಗುಟ್ಟಾಗಿ ಗುಣಿಸಿ, ನಾಯಕನ ಆರಂಭದ ಬಲವನ್ನೂ ಅದು ಮುಂದೆ ಬೆಳೆಯಬೇಕಾದ ರೀತಿಯನ್ನೂ ನಿರ್ಣಯಿಸುತ್ತಿತ್ತು. ಜನ್ಮನಕ್ಷತ್ರದ ಪಾದವನ್ನು ನೋಡಿ ಮಗುವಿನ ಹೆಸರಿನ ಮೊದಲಕ್ಷರವನ್ನು ಗೊತ್ತುಮಾಡುವ ನಮ್ಮ ಹಿರಿಯರಿಗೆ ಈ ಯಂತ್ರವು ಅಪರಿಚಿತವೆನಿಸುತ್ತಿರಲಿಲ್ಲ. ಅವರು ನಕ್ಷತ್ರದಿಂದ ಹೆಸರಿಗೆ ಬಂದರು, ಅದು ಹೆಸರಿನಿಂದ ವಿಧಿಗೆ ಹೋಯಿತು.

ನನ್ನ ಮನಸ್ಸು ಮಾತ್ರ ಮೊದಲಿನ ಮೇಜಿಗೇ ಹಿಂದಿರುಗುತ್ತದೆ. ಅರ್ನಿ ಮತ್ತು ಎಲೀಸರ ಹಿಂದೆಯೇ ಆ ಆಟಕ್ಕೆ ಬಂದು ಸೇರಿದವರಲ್ಲಿ ಡಾನ್ ಕೇ ಎಂಬವರೊಬ್ಬರು. ಗೈಗ್ಯಾಕ್ಸರ ಬಾಲ್ಯಸ್ನೇಹಿತರು. 1973ರ ಅಕ್ಟೋಬರಿನಲ್ಲಿ, ಪುಸ್ತಿಕೆಗಳನ್ನು ಮುದ್ರಿಸಲು ಕೈಯಲ್ಲಿ ಹಣವಿಲ್ಲದಿದ್ದಾಗ, ತಮ್ಮ ಜೀವವಿಮೆಯ ಮೇಲೆ ಸಾವಿರ ಡಾಲರುಗಳ ಸಾಲವನ್ನೆತ್ತಿ ಗೆಳೆಯನೊಂದಿಗೆ ಟಿಎಸ್‌ಆರ್ ಎಂಬ ಪ್ರಕಾಶನ ಸಂಸ್ಥೆಯನ್ನು ಕಟ್ಟಿದವರು ಅವರು. ಅದರ ಮೊದಲ ಕಾರ್ಯಾಲಯವು ಅವರ ಮನೆಯ ಊಟದ ಕೋಣೆಯೇ ಆಗಿತ್ತು. ಆಟದಲ್ಲಿ ಅವರ ಪಾತ್ರದ ಹೆಸರು ‘ಮುರ್ಲಿಂಡ್’: ಖಡ್ಗಗಳ ಲೋಕದಲ್ಲಿ ಎರಡು ಪಿಸ್ತೂಲುಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದ ವೀರ. ಆಟವು ಪ್ರಕಟವಾಗಿ ವರ್ಷವೊಂದು ತುಂಬುತ್ತಿದ್ದಂತೆ, 1975ರ ಜನವರಿಯಲ್ಲಿ, ಹೃದಯಾಘಾತದಿಂದ ಕೇ ತೀರಿಕೊಂಡರು. ಆಗ ಅವರಿಗೆ 36 ವರ್ಷ. ಮುರ್ಲಿಂಡನನ್ನು 1983ರಲ್ಲಿ ಗೈಗ್ಯಾಕ್ಸರು ತಮ್ಮ ಕಲ್ಪಿತ ಲೋಕದ ಉಪದೇವತೆಗಳ ಸಾಲಿನಲ್ಲಿ ನಿಲ್ಲಿಸಿ ಪತ್ರಿಕೆಯಲ್ಲಿ ಪ್ರಕಟಿಸಿದರು.