ವರ್ಕ್‌ಶಾಪ್ ಇದ್ದ ಹೈಸ್ಕೂಲು ಎಲ್ಲಿಗೆ ಹೋಯ್ತು?

ಈ ವಾರದ ಎಪಿಸೋಡ್ ಕೇಳೋಕೆ ಪುರುಸೊತ್ತಿಲ್ಲ ಅನ್ನೋರಿಗೆ ಇಲ್ಲಿ ಬರಹದಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಹಾಕಿದೀನಿ.

ಎಸ್ಸೆಸ್ಸೆಲ್ಸಿ ಟೈಮ್‌ಟೇಬಲ್ ವಾಟ್ಸಾಪ್‌ನಲ್ಲಿ ಬಂದಾಗ ನಾವು ನೋಡೋದು ಏನು? ಗಣಿತ ಯಾವತ್ತು, ಮಧ್ಯೆ ರಜೆ ಎಷ್ಟು, ಅಷ್ಟೇ. ಈ ಸಲ ಪೂರ್ತಿ ಓದಿ ನೋಡಿ. ದೊಡ್ಡ ವಿಷಯಗಳ ಪಕ್ಕದಲ್ಲೇ ಇನ್ನೊಂದಷ್ಟು ಹೆಸರು ಇರ್ತವೆ. ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್ ಅಂಡ್ ಎಲೆಕ್ಟ್ರಿಕಲ್ ಎಂಜಿನಿಯರಿಂಗ್, ಎಂಜಿನಿಯರಿಂಗ್ ಗ್ರಾಫಿಕ್ಸ್, ಎಲೆಕ್ಟ್ರಾನಿಕ್ಸ್. ಹತ್ತನೇ ಕ್ಲಾಸಿಗೆ! ನನ್ನ ಜೊತೆ ಓದಿದ ಒಬ್ಬರೂ ಈ ಪರೀಕ್ಷೆ ಬರೆದಿದ್ದು ನನಗೆ ಗೊತ್ತಿಲ್ಲ. ಆದರೂ ಪ್ರತಿ ವರ್ಷ ಈ ಪ್ರಶ್ನೆಪತ್ರಿಕೆಗಳು ಪ್ರಿಂಟ್ ಆಗ್ತವೆ, ಮಕ್ಕಳು ಬರೀತಾರೆ. ಅವರು ಜೂನಿಯರ್ ಟೆಕ್ನಿಕಲ್ ಸ್ಕೂಲ್ ಮಕ್ಕಳು. ಎಂಟರಿಂದ ಹತ್ತರವರೆಗೆ ಮಾಮೂಲಿ ಪಾಠದ ಜೊತೆ ಎಂಜಿನಿಯರಿಂಗ್‌ನ ಮೂಲಪಾಠ ಕಲಿಸೋ ಶಾಲೆಗಳು. ರಾಜ್ಯದಲ್ಲಿ ಈಗ ಬೆರಳೆಣಿಕೆಯಷ್ಟಿವೆ.

ಒಂದು ಕಾಲದಲ್ಲಿ ಇಡೀ ದೇಶದ ಹೈಸ್ಕೂಲು ಹೀಗೇ ಆಗಬೇಕು ಅಂತ ಯೋಚನೆ ಇತ್ತು ಅಂದ್ರೆ ನಂಬ್ತೀರಾ?

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ನಮ್ಮೂರಲ್ಲಿ ಈ ಕಥೆ ಎಲ್ಲಿಂದ ಎಳೆದರೂ ವಿಶ್ವೇಶ್ವರಯ್ಯನವರ ಹತ್ತಿರ ಬಂದು ನಿಲ್ಲುತ್ತೆ. 1911ರಲ್ಲಿ ಮೈಸೂರು ಎಕನಾಮಿಕ್ ಕಾನ್ಫರೆನ್ಸ್ ಶುರುವಾಯ್ತು. ಅದರಲ್ಲಿ ಕೃಷಿ, ಶಿಕ್ಷಣ, ಕೈಗಾರಿಕೆ ಮತ್ತು ವ್ಯಾಪಾರಕ್ಕೆ ಬೇರೆ ಬೇರೆ ಸಮಿತಿ. ಶಿಕ್ಷಣವನ್ನು ಆರ್ಥಿಕತೆಯ ಸಭೆಯಲ್ಲಿ ಚರ್ಚೆ ಮಾಡೋದೇ ಆಗ ಹೊಸದು. 1912ರಿಂದ 1918ರವರೆಗೆ ಅವರು ದಿವಾನರು. 1913ರಲ್ಲಿ ಬ್ಯಾಂಕ್ ಆಫ್ ಮೈಸೂರ್, ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಇವತ್ತು ನಾವು ಯುವಿಸಿಇ ಅನ್ನೋ ಎಂಜಿನಿಯರಿಂಗ್ ಕಾಲೇಜು. ಆಮೇಲೆ 1943ರಲ್ಲಿ ಬೆಂಗಳೂರಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಬಂತು. ಅದೂ ಅವರದೇ ಕನಸು, ಇವತ್ತಿನ ಎಸ್‌ಜೆಪಿ. ಆ ಹಳೇ ಹೆಸರನ್ನ ಗಮನಿಸಿ. ‘ಆಕ್ಯುಪೇಷನಲ್’ ಅಂದ್ರೆ ಕಸುಬು. ಡಿಗ್ರಿ ಅಂತಲ್ಲ.

ಇಲ್ಲೊಂದು ಮಾತು ಹೇಳಲೇಬೇಕು, ವಿಶ್ವೇಶ್ವರಯ್ಯನವರ ಬಗ್ಗೆ ಮಾತಾಡುವಾಗ ನಾವು ಇದನ್ನ ಬಿಟ್ಟುಬಿಡ್ತೀವಿ. ಅವರು ದಿವಾನಗಿರಿ ಬಿಟ್ಟಿದ್ದು 1918ರ ಕೊನೆಗೆ. ಆಗ ಸರ್ಕಾರಿ ಹುದ್ದೆಗಳು ಬಹುಪಾಲು ಬ್ರಾಹ್ಮಣರ ಕೈಯಲ್ಲಿದ್ದವು, ಉಳಿದವರಿಗೆ ಮೀಸಲಾತಿ ಬೇಕು ಅನ್ನೋ ಕೂಗು ಎದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ನೇತೃತ್ವದಲ್ಲಿ ಸಮಿತಿ ಮಾಡಿದರು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟು ಹಿಂದುಳಿದವರಿಗೆ ಹೋಗಬೇಕು ಅಂತ ಆ ಸಮಿತಿ ಹೇಳ್ತು. ಈ ವಿಚಾರದಲ್ಲಿ ದಿವಾನರಿಗೂ ಮಹಾರಾಜರಿಗೂ ಒಮ್ಮತ ಇರಲಿಲ್ಲ. ಅಂದ್ರೆ, ಯಾವ ಶಾಲೆ ಕಟ್ಟಬೇಕು ಅನ್ನೋ ಪ್ರಶ್ನೆ ಜೊತೆಗೇ ಅದರ ಬಾಗಿಲು ಯಾರಿಗೆ ತೆರೆಯುತ್ತೆ ಅನ್ನೋ ಪ್ರಶ್ನೆನೂ ಹುಟ್ಟಿತು. ನೂರು ವರ್ಷ ಆದ್ರೂ ಎರಡೂ ಬೇರೆ ಆಗಿಲ್ಲ.

ಈಗ ಸ್ವಾತಂತ್ರ್ಯದ ನಂತರಕ್ಕೆ ಬನ್ನಿ. 1952ರಲ್ಲಿ ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರ್ ಅಧ್ಯಕ್ಷತೆಯಲ್ಲಿ ಪ್ರೌಢಶಿಕ್ಷಣ ಆಯೋಗ. ಮರುವರ್ಷ ವರದಿ. ಅದರ ಮುಖ್ಯ ಸಲಹೆ ಮಲ್ಟಿಪರ್ಪಸ್ ಹೈಸ್ಕೂಲು, ಅಂದರೆ ವಿವಿಧೋದ್ದೇಶ ಪ್ರೌಢಶಾಲೆ. ಒಂದೇ ಶಾಲೆಯೊಳಗೆ ಏಳು ದಾರಿ: ಮಾನವಿಕ, ವಿಜ್ಞಾನ, ತಾಂತ್ರಿಕ, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ. ವಕೀಲರ ಮಗನೂ ಕಮ್ಮಾರರ ಮಗನೂ ಒಂದೇ ಕಾಂಪೌಂಡ್. ಒಬ್ಬ ಲೇತ್ ಮುಂದೆ, ಇನ್ನೊಬ್ಬ ಜಮಾ ಖರ್ಚಿನ ಪುಸ್ತಕದ ಮುಂದೆ. ಕಾಗದದ ಮೇಲೆ ಇದಕ್ಕಿಂತ ಚೆಂದದ ಐಡಿಯಾ ನಾನು ನೋಡಿಲ್ಲ.

ಇದೇ ಹೊತ್ತಿಗೆ ಇಂಗ್ಲೆಂಡೂ ಹೀಗೇ ಒಂದು ಪ್ರಯೋಗದಲ್ಲಿತ್ತು. 1944ರ ಕಾನೂನಿನ ನಂತರ ಅಲ್ಲಿ ಗ್ರಾಮರ್, ಟೆಕ್ನಿಕಲ್, ಮಾಡರ್ನ್ ಅಂತ ಮೂರು ಥರದ ಶಾಲೆ. ಅದರಲ್ಲಿ ಟೆಕ್ನಿಕಲ್ ಶಾಲೆಗಳು ತೀರಾ ಕಮ್ಮಿ ಕಟ್ಟಿದ್ರು. ಕಾರಣ ಗೊತ್ತಿರೋದೇ. ವರ್ಕ್‌ಶಾಪಿಗೆ ದುಡ್ಡು ಬೇಕು, ಕಲಿಸೋರು ಬೇಕು.

ನಮಗೂ ಅದೇ ಕಾಡಿತು. ಲೇತ್ ತಂದು ಇಟ್ಟರೆ ಸಾಕಾ? ಕಲಿಸೋ ಮೇಷ್ಟ್ರು ಎಲ್ಲಿ? ಅದಕ್ಕೇ ಅಂತ 1963ರಲ್ಲಿ ಎನ್‌ಸಿಇಆರ್‌ಟಿ ದೇಶದ ನಾಲ್ಕು ಕಡೆ ರೀಜನಲ್ ಕಾಲೇಜ್ ತೆರೆಯಿತು. ಅಜ್ಮೀರ್, ಭೋಪಾಲ್, ಭುವನೇಶ್ವರ, ಮತ್ತೆ ನಮ್ಮ ಮೈಸೂರು. ಮೈಸೂರಿನ ಕ್ಯಾಂಪಸ್ಸಲ್ಲಿ ಮಾದರಿಗೆ ಅಂತ ಒಂದು ಶಾಲೆನೂ ಬಂತು. ಡೆಮಾನ್‌ಸ್ಟ್ರೇಷನ್ ಮಲ್ಟಿಪರ್ಪಸ್ ಸ್ಕೂಲ್. ಮೈಸೂರಿನವರು ಡಿಎಂಎಸ್ ಅಂತಾರೆ. ಇವತ್ತಿಗೂ ಬೋರ್ಡ್ ಮೇಲೆ ಆ ಹೆಸರಿದೆ, ಆದರೆ ಯಾವ ಯೋಜನೆಗೆ ಅದು ಮಾದರಿ ಆಗಬೇಕಿತ್ತೋ ಆ ಯೋಜನೆನೇ ಇಲ್ಲ. 1964ರಿಂದ 66ರ ಕೊಠಾರಿ ಆಯೋಗ ಬೇರೆ ದಿಕ್ಕು ಹಿಡಿಯಿತು. ಒಂಬತ್ತನೇ ಕ್ಲಾಸಿಗೇ ಮಕ್ಕಳನ್ನ ಬೇರೆ ಬೇರೆ ದಾರಿಗೆ ಹಚ್ಚಬೇಡಿ, ಹತ್ತರವರೆಗೆ ಎಲ್ಲರಿಗೂ ಒಂದೇ ಪಾಠ ಇರಲಿ, ಆಮೇಲೆ ಆರಿಸಿಕೊಳ್ಳಲಿ ಅಂತು. ನನಗೆ ಕೊಠಾರಿ ಹೇಳಿದ್ದು ಸರಿ ಅನ್ಸುತ್ತೆ. ಹದಿಮೂರರ ಮಗುಗೆ ಏನು ಗೊತ್ತಾಗುತ್ತೆ? ಅಪ್ಪ ಏನು ಮಾಡ್ತಿದ್ದಾರೋ ಅದೇ ದಾರಿಗೆ ತಳ್ಳಿದ ಹಾಗಾಗುತ್ತೆ. ಆದರೆ ಕವಲು ಹತ್ತರ ಆಚೆಗೆ ಹೋದಾಗ ಲೇತ್ ಅದರ ಜೊತೆ ಹೋಗಲಿಲ್ಲ. ಪಿಯುಸಿಯಲ್ಲಿ ಉಳಿದದ್ದು ಸೈನ್ಸ್, ಕಾಮರ್ಸ್, ಆರ್ಟ್ಸ್ ಅನ್ನೋ ಮೂರು ಹೆಸರು.

ನಾನು ಓದಿದ್ದು ಕಾಮರ್ಸ್. ಎರಡು ವರ್ಷ ಅಕೌಂಟೆನ್ಸಿ ಬರೆದು ಬರೆದು ಬೆರಳು ಸವೆದರೂ ಒಂದು ನಿಜವಾದ ಅಂಗಡಿಯ ಲೆಕ್ಕದ ಪುಸ್ತಕ ಮುಟ್ಟಿದ್ದಿಲ್ಲ. ನಮ್ಮ ಹಿಂದಿನವರಿಗೆ ನಿಜವಾದ ಕಾಮರ್ಸ್ ಸ್ಕೂಲ್ ಯಾವುದು ಗೊತ್ತಾ? ಮೇನ್ ರೋಡಲ್ಲಿ ಅಂಗಡಿ ಮೇಲಿನ ಮಹಡಿಯಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್. ಟೈಪಿಂಗು, ಶಾರ್ಟ್‌ಹ್ಯಾಂಡು, ಜೂನಿಯರ್ ಸೀನಿಯರ್ ಪರೀಕ್ಷೆ. ಸರ್ಟಿಫಿಕೇಟ್ ಹಿಡ್ಕೊಂಡು ಆಫೀಸಿಗೆ ಹೋದ್ರೆ ಕೆಲಸ. ಎಷ್ಟು ಮನೆ ಹೆಣ್ಣುಮಕ್ಕಳು ಆ ಮೆಟ್ಟಿಲು ಹತ್ತಿ ಮೊದಲ ಸಂಬಳ ತಂದರು ಅನ್ನೋದು ಬೇರೆಯದೇ ಎಪಿಸೋಡ್.

ಸೈನ್ಸ್ ಕಡೆ ಕಥೆ ಬದಲಾಗಿದ್ದು ಕೋರ್ಟಿಂದ. ಎಪ್ಪತ್ತರ ದಶಕದ ಕೊನೆಗೆ ಕರ್ನಾಟಕದಲ್ಲಿ ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳು ಸಾಲುಸಾಲಾಗಿ ಬಂದವು, ಜೊತೆಗೆ ಕ್ಯಾಪಿಟೇಷನ್. 1984ರಲ್ಲಿ ಅದನ್ನ ತಡೆಯೋಕೆ ಕಾಯ್ದೆ ಬಂತು. 1992ರಲ್ಲಿ ಮೋಹಿನಿ ಜೈನ್ ಕೇಸು. ತುಮಕೂರಿನ ಮೆಡಿಕಲ್ ಕಾಲೇಜಿನ ಫೀಸ್ ವಿಚಾರ ಸುಪ್ರೀಂ ಕೋರ್ಟ್ ತನಕ ಹೋಯ್ತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು: ಖಾಸಗಿ ಕಾಲೇಜಲ್ಲೂ ಅರ್ಧ ಸೀಟು ಮೆರಿಟ್ ಮೇಲೆ, ಕಮ್ಮಿ ಫೀಸಿಗೆ. 1994ರಲ್ಲಿ ಸಿಇಟಿ ಸೆಲ್ ಹುಟ್ಟಿತು, ಅದೇ ಇವತ್ತಿನ ಕೆಇಎ. ದುಡ್ಡಿಲ್ಲದ ಮನೆಯ ಮಕ್ಕಳಿಗೆ ಇದು ದೊಡ್ಡ ಬಾಗಿಲು, ಸುಳ್ಳಲ್ಲ. ಆದರೆ ಭಾರವೆಲ್ಲ ಒಂದು ಪರೀಕ್ಷೆ ಮೇಲೆ ಬಿತ್ತು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದ್ರೆ ಒಂದು ಪ್ರಶ್ನೆಗೆ 80 ಸೆಕೆಂಡ್. ಕೋಚಿಂಗ್ ಮೊದಲು ಕಾಲೇಜಿನ ಹೊರಗಿತ್ತು, ಆಮೇಲೆ ಒಳಗೇ ಬಂದು ‘ಇಂಟಿಗ್ರೇಟೆಡ್’ ಆಯ್ತು. ಇವತ್ತು ಎಂಜಿನಿಯರ್ ಆಗೋಕೆ ಅಂತಲೇ ಇರೋ ಪಿಯು ಕಾಲೇಜಲ್ಲಿ ಮಗು ಕೈಗೆ ಸ್ಪ್ಯಾನರ್ ಬರಲ್ಲ, ಓಎಂಆರ್ ಶೀಟ್ ಬರುತ್ತೆ.

ಇದೆಲ್ಲ ಬೊಮ್ಮನಹಳ್ಳಿಗೆ ಯಾಕೆ ಮುಖ್ಯ? ಹಳದಿ ಲೈನ್ ಮೆಟ್ರೋ ಹತ್ತಿ ನೋಡಿ. ಆರ್.ವಿ. ರೋಡ್ ಕಡೆಯಿಂದ ಹೊರಟರೆ ಜಯನಗರ, ಬಿಟಿಎಂ, ಸಿಲ್ಕ್ ಬೋರ್ಡ್, ಬೊಮ್ಮನಹಳ್ಳಿ, ಆಮೇಲೆ ಎಲೆಕ್ಟ್ರಾನಿಕ್ ಸಿಟಿ. ಆ ಎಲೆಕ್ಟ್ರಾನಿಕ್ ಸಿಟಿಯನ್ನ 1978ರಲ್ಲಿ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು 332 ಎಕರೆಯಲ್ಲಿ ಶುರು ಮಾಡಿದಾಗ ಹೊಸೂರು ರೋಡ್ ಊರಾಚೆ. ಈಗ ಕಾಲೇಜುಗಳೂ ಕೋಚಿಂಗೂ ಒಂದು ತುದಿಗೆ, ಎಂಜಿನಿಯರ್ ಕೆಲಸ ಇನ್ನೊಂದು ತುದಿಗೆ. ಮಧ್ಯದಲ್ಲಿ ಬೊಮ್ಮನಹಳ್ಳಿ, ಗಾರ್ಮೆಂಟ್ಸ್. 2016ರ ಏಪ್ರಿಲ್ 18 ನೆನಪಿದೆಯಾ? ಪಿಎಫ್‌ನಲ್ಲಿ ಕಂಪನಿ ಹಾಕೋ ಪಾಲನ್ನ 58 ವರ್ಷ ಆಗೋವರೆಗೆ ತೆಗೆಯೋ ಹಾಗಿಲ್ಲ ಅನ್ನೋ ನಿಯಮ ಬಂದಾಗ ಇಲ್ಲಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಸೂರು ರೋಡಲ್ಲೇ ಕೂತರು. ಮರುದಿನವೇ ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಳ್ತು. ಆ ದುಡ್ಡು ಯಾಕೆ ಬೇಕು ಅಂತ ಕೇಳಿದವರಿಗೆ ಸಿಕ್ಕ ಉತ್ತರಗಳಲ್ಲಿ ಒಂದು, ಮಕ್ಕಳ ಫೀಸು.

ಸರ್ಕಾರ ಈಗ ಆ ಮಕ್ಕಳಿಗೆ ಏನು ಕೊಟ್ಟಿದೆ? ಎಸ್ಸೆಸ್ಸೆಲ್ಸಿಯಲ್ಲಿ ಮೂರನೇ ಭಾಷೆಯ ದಿನ ಎನ್‌ಎಸ್‌ಕ್ಯೂಎಫ್ ಅಂತ ಕೆಲವು ವಿಷಯ ಇರ್ತವೆ. ಐಟಿ, ರೀಟೇಲ್, ಆಟೋಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್, ಅಪಾರೆಲ್. ಹಿಂದಿ ಬದಲು ಹೊಲಿಗೆ. ಅಮ್ಮ ಹಗಲೆಲ್ಲ ಮೆಷಿನ್ ತುಳಿದು ಮಗಳು ಬೇರೇನಾದರೂ ಆಗಲಿ ಅಂತ ಕಳಿಸಿದ ಶಾಲೆಯಲ್ಲಿ ಅಪಾರೆಲ್ ಪಾಠ ಅಂದ್ರೆ ಆ ತಾಯಿಗೆ ಏನನ್ನಿಸಬಹುದು? ಮಲ್ಟಿಪರ್ಪಸ್ ಹೈಸ್ಕೂಲಿಗೂ ಇದೇ ತೊಡಕಿತ್ತು ಅಂತ ನನ್ನ ಅನಿಸಿಕೆ. ಕೈಕೆಲಸದ ದಾರಿ ಬಡವರ ಮಕ್ಕಳಿಗೆ, ಪುಸ್ತಕದ ದಾರಿ ಉಳಿದವರಿಗೆ ಅಂತ ಜನ ಬೇಗ ಅರ್ಥ ಮಾಡ್ಕೋತಾರೆ.

ಹಾಗಂತ ಎಲ್ಲ ಸೋತಿಲ್ಲ. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಜಿಟಿಟಿಸಿ ಶುರುವಾಯ್ತು. ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಟೂಲ್ ಅಂಡ್ ಡೈ ಮೇಕಿಂಗ್, ಅದರಲ್ಲಿ ಕಂಪನಿಯೊಳಗೆ ತರಬೇತಿನೂ ಸೇರಿ ನಾಲ್ಕು ವರ್ಷ. ಅಲ್ಲಿ ಮಿಷಿನ್ ಇದೆ, ಮಿಷಿನ್ ಹಿಂದೆ ಕೆಲಸ ಕೊಡೋನಿದ್ದಾನೆ. ಪಾಲಿಟೆಕ್ನಿಕ್ಕಿಗೆ ಬಂದರೆ ಮೂರು ವರ್ಷದ ಡಿಪ್ಲೊಮಾ. ಅದಾದ ಮೇಲೆ ಡಿಸಿಇಟಿ ಬರೆದು ನೇರ ಬಿಇ ಎರಡನೇ ವರ್ಷಕ್ಕೆ ಸೇರಬಹುದು. ಪಿಯುಸಿ ಮಾಡಿದವನು ಎರಡು ವರ್ಷ ಪಿಯು, ನಾಲ್ಕು ವರ್ಷ ಬಿಇ, ಒಟ್ಟು ಆರು. ಡಿಪ್ಲೊಮಾದವನು ಮೂರು ಪ್ಲಸ್ ಮೂರು, ಅದೂ ಆರೇ. ಮಧ್ಯದಲ್ಲಿ ಮನೆ ಪರಿಸ್ಥಿತಿ ಕೆಟ್ಟರೆ ಕೈಯಲ್ಲಿ ಡಿಪ್ಲೊಮಾ ಇರುತ್ತೆ, ಕೆಲಸಕ್ಕೆ ಸೇರಬಹುದು. ಪಿಯುಸಿ ಸೈನ್ಸ್ ಮುಗಿಸಿ ನಿಂತವನ ಕೈಯಲ್ಲಿ ಏನಿರುತ್ತೆ ಹೇಳಿ. ಇಷ್ಟಿದ್ದೂ ಹೊಸೂರು ರೋಡಿನ ಹೋರ್ಡಿಂಗ್‌ಗಳಲ್ಲಿ ರ್‍ಯಾಂಕ್ ಬಂದವರ ಫೋಟೋ ಕಾಣುತ್ತೆ, ಡಿಸಿಇಟಿ ಅನ್ನೋ ನಾಲ್ಕಕ್ಷರ ಕಾಣಲ್ಲ.

ನಿಮ್ಮ ಮನೆಯಲ್ಲೋ ವಠಾರದಲ್ಲೋ ಈ ವರ್ಷ ಎಸ್ಸೆಸ್ಸೆಲ್ಸಿ ಬರೆಯೋರಿದ್ದರೆ ಆ ಮೂರು ಪ್ಲಸ್ ಮೂರರ ಲೆಕ್ಕ ಒಂದ್ಸಲ ಹೇಳಿ. ಜೂನಿಯರ್ ಟೆಕ್ನಿಕಲ್ ಸ್ಕೂಲಲ್ಲಿ ಓದಿದವರು ಯಾರಾದ್ರೂ ಕೇಳ್ತಿದ್ರೆ ಒಂದು ವಾಯ್ಸ್ ನೋಟ್ ಕಳಿಸಿ, ಆ ವರ್ಕ್‌ಶಾಪಲ್ಲಿ ಮೊದಲು ಏನು ಮಾಡಿಸಿದರು ಅಂತ. ಮುಂದಿನ ಎಪಿಸೋಡು ಟೈಪಿಂಗ್ ಇನ್‌ಸ್ಟಿಟ್ಯೂಟ್‌ಗಳ ಬಗ್ಗೆ. ಬರ್ತೀನಿ.