ಮನೆ ತೋರಿಸುವವರು ಯಾರ ಕಡೆಯವರು?



ಅಮೆರಿಕದ ಊರುಗಳಲ್ಲಿ ಭಾನುವಾರ ಮಧ್ಯಾಹ್ನ ಕೆಲವು ಮನೆಗಳ ಮುಂದೆ ‘ಓಪನ್ ಹೌಸ್’ ಎಂಬ ಫಲಕ ಕಾಣಿಸುತ್ತದೆ. ಮನೆ ಮಾರಾಟಕ್ಕಿದೆ, ಬಾಗಿಲು ತೆರೆದಿದೆ, ಯಾರು ಬೇಕಾದರೂ ಒಳಗೆ ಬಂದು ನೋಡಬಹುದು ಎಂದು ಅದರ ಅರ್ಥ. ಮನೆಯವರು ಆ ಹೊತ್ತಿಗೆ ಸಾಮಾನ್ಯವಾಗಿ ಹೊರಗೆ ಹೋಗಿರುತ್ತಾರೆ. ಬಂದವರನ್ನು ಬರಮಾಡಿಕೊಳ್ಳುವುದು ಒಬ್ಬ ಏಜೆಂಟ್. ನಗುತ್ತಾ ಕೈಕುಲುಕುತ್ತಾರೆ, ಅಡುಗೆಮನೆ, ಹಿತ್ತಲು ತೋರಿಸುತ್ತಾರೆ, ಒಂದು ಪುಸ್ತಕದಲ್ಲಿ ಹೆಸರು, ಫೋನ್ ನಂಬರು ಬರೆಸಿಕೊಳ್ಳುತ್ತಾರೆ. ಮಾತಿನ ನಡುವೆ ಒಂದು ಪ್ರಶ್ನೆ ಕೇಳುತ್ತಾರೆ: “ನಿಮಗೆ ಈಗಾಗಲೇ ಏಜೆಂಟ್ ಯಾರಾದರೂ ಇದ್ದಾರೆಯೆ?”

ಕೇಳುವುದಕ್ಕೆ ಇದು ಸೌಜನ್ಯದ ಮಾತು. ಆದರೆ ಅದರ ಹಿಂದೆ ನೂರು ವರ್ಷಕ್ಕೂ ಮಿಕ್ಕಿದ ಒಂದು ವ್ಯಾಜ್ಯವಿದೆ. ಮನೆಯನ್ನು ತೋರಿಸಿದ ಈ ವ್ಯಕ್ತಿ ಯಾರ ಕಡೆಯವರು? ಮನೆ ನೋಡಿ ಮೆಚ್ಚಿದವರು ಹೊರಗೆ ಹೋಗಿ, ತಮಗೆ ಬೇಕಾದ ಬೇರೊಬ್ಬ ಏಜೆಂಟನ್ನು ಗೊತ್ತುಮಾಡಿಕೊಂಡು ಮರಳಿ ಬರಬಹುದೆ? ಬಂದರೆ ಕಮಿಷನ್ ಯಾರಿಗೆ ಸೇರಬೇಕು? ಈ ಪ್ರಶ್ನೆಗಳ ಇತಿಹಾಸವನ್ನು ನೀವು ನನ್ನೊಂದಿಗೆ ಸ್ವಲ್ಪ ನೋಡಬೇಕೆಂದು ಕೋರುತ್ತೇನೆ.

ನಮ್ಮ ಕಡೆಯ ದನದ ಜಾತ್ರೆಗೆ ಹೋದವರು ಒಂದು ದೃಶ್ಯ ನೋಡಿರುತ್ತೀರಿ. ದಲ್ಲಾಳಿ ಕೈಮೇಲೆ ಟವೆಲ್ ಹೊದಿಸಿ, ಅದರ ಮರೆಯಲ್ಲಿ ಮಾರುವವನ ಬೆರಳು ಹಿಡಿಯುತ್ತಾನೆ. ಆಮೇಲೆ ಕೊಳ್ಳುವವನ ಬೆರಳು. ಇಬ್ಬರ ಗುಟ್ಟೂ ಅವನೊಬ್ಬನಿಗೇ ಗೊತ್ತು. ಜಾತ್ರೆಯಲ್ಲಿ ಇದು ಯಾರಿಗೂ ಆಶ್ಚರ್ಯವಲ್ಲ, ಏಕೆಂದರೆ ಅವನು ನಡುವಿನವನು ಎಂಬುದು ಎಲ್ಲರಿಗೂ ತಿಳಿದಿರುತ್ತದೆ. ಇಂಗ್ಲೆಂಡಿನ ಸಾಮಾನ್ಯ ಕಾನೂನಿನಿಂದ ಬಂದ ‘ಏಜೆಂಟ್’ ಎಂಬ ಕಲ್ಪನೆ ಇದಕ್ಕಿಂತ ಬೇರೆ. ಏಜೆಂಟನಿಗೆ ಒಬ್ಬ ಯಜಮಾನನಿರುತ್ತಾನೆ. ಆ ಯಜಮಾನನಿಗೆ ನಿಷ್ಠನಾಗಿರುವುದು, ತಿಳಿದದ್ದನ್ನು ಅವನಿಗೆ ತಿಳಿಸುವುದು, ಅವನ ಬೆನ್ನ ಹಿಂದೆ ಸ್ವಂತ ಲಾಭ ಮಾಡಿಕೊಳ್ಳದಿರುವುದು ಏಜೆಂಟನ ಧರ್ಮ. ನಮ್ಮ ದೇಶದ 1872ರ ಕರಾರು ಕಾಯಿದೆಯೂ ಅದೇ ಮೂಲದಿಂದ ಬಂದದ್ದು. ಅದರ 182ನೆಯ ಕಲಮಿನಿಂದ ಮುಂದಕ್ಕೆ ಓದಿದರೆ ಈ ಮಾತುಗಳೇ ಸಿಗುತ್ತವೆ. ಅಮೆರಿಕದ ರಾಜ್ಯಗಳೂ ಈ ತತ್ತ್ವವನ್ನೇ ಅನುಸರಿಸಿದವು. ತೊಡಕು ಹುಟ್ಟಿದ್ದು ಇಲ್ಲಿಂದ: ಮನೆ ವ್ಯಾಪಾರದಲ್ಲಿ ಕಾನೂನು ಒಂದನ್ನು ಹೇಳುತ್ತಿತ್ತು, ಕೊಳ್ಳುವವರು ಇನ್ನೊಂದನ್ನು ನಂಬಿದ್ದರು.

ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅಮೆರಿಕದ ನಗರಗಳು ವೇಗವಾಗಿ ಬೆಳೆದವು. ಮನೆ, ನಿವೇಶನಗಳ ದಲ್ಲಾಳಿಗಳು ಆಗಾಗ ಒಂದೆಡೆ ಕೂಡಿ, ತಮ್ಮಲ್ಲಿರುವ ಆಸ್ತಿಗಳ ವಿವರವನ್ನು ಪರಸ್ಪರ ಹಂಚಿಕೊಳ್ಳತೊಡಗಿದರು. “ನನ್ನ ಬಳಿಯಿರುವ ಮನೆಗೆ ನೀನು ಗಿರಾಕಿ ತಂದರೆ ಕಮಿಷನ್ನಿನಲ್ಲಿ ನಿನಗೂ ಪಾಲು” ಎಂಬುದು ಅವರ ಒಪ್ಪಂದ. ಮುಂದೆ ‘ಮಲ್ಟಿಪಲ್ ಲಿಸ್ಟಿಂಗ್’ ಎಂಬ ವ್ಯವಸ್ಥೆ ಬೆಳೆದದ್ದು ಈ ಬೀಜದಿಂದ. 1908ರಲ್ಲಿ ಚಿಕಾಗೊ ನಗರದಲ್ಲಿ ದಲ್ಲಾಳಿಗಳ ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. 1913ರಲ್ಲಿ ಅದು ನೀತಿಸಂಹಿತೆಯೊಂದನ್ನು ಅಂಗೀಕರಿಸಿತು. ತನ್ನ ಸದಸ್ಯರನ್ನು ಬೀದಿಯ ದಲ್ಲಾಳಿಗಳಿಂದ ಬೇರೆಯಾಗಿ ತೋರಿಸಲು ‘ರಿಯಲ್ಟರ್’ ಎಂಬ ಹೊಸ ಪದವನ್ನು ಬಳಕೆಗೆ ತಂದಿತು. ಇಂದು ಅದರ ಹೆಸರು ನ್ಯಾಷನಲ್ ಅಸೋಸಿಯೇಷನ್ ಆಫ್ ರಿಯಲ್ಟರ್ಸ್. 1919ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ದಲ್ಲಾಳಿಗಳಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಉಳಿದ ರಾಜ್ಯಗಳು ಒಂದೊಂದಾಗಿ ಅದೇ ದಾರಿ ಹಿಡಿದವು.

ಎರಡನೆಯ ಮಹಾಯುದ್ಧದ ನಂತರ ಮನೆ ಕೊಳ್ಳುವುದು ಶ್ರೀಮಂತರ ವಿಷಯವಾಗಿ ಉಳಿಯಲಿಲ್ಲ. 1944ರ ಕಾಯಿದೆಯೊಂದು ಯುದ್ಧದಿಂದ ಮರಳಿದ ಸೈನಿಕರಿಗೆ ಸುಲಭ ಸಾಲದ ಏರ್ಪಾಡು ಮಾಡಿತು. 1940ರಲ್ಲಿ ನೂರಕ್ಕೆ ಸುಮಾರು 44 ಕುಟುಂಬಗಳು ಸ್ವಂತ ಮನೆಯಲ್ಲಿದ್ದವು. 1960ರ ವೇಳೆಗೆ ಆ ಸಂಖ್ಯೆ ಸುಮಾರು 62ಕ್ಕೆ ಏರಿತು. ಲಕ್ಷಾಂತರ ಯುವ ದಂಪತಿಗಳು ಜೀವನದಲ್ಲಿ ಮೊದಲ ಬಾರಿಗೆ ಮನೆ ನೋಡಲು ಹೊರಟರು. ಭಾನುವಾರದ ಓಪನ್ ಹೌಸ್ ಅವರ ಪಾಲಿಗೆ ಒಂದು ಬಗೆಯ ವಿಹಾರವೂ ಆಯಿತೆನ್ನಿ.

ಈಗ ಕೂಟದ ನಿಯಮದ ಕಡೆಗೆ ಗಮನ ಕೊಡಿ, ಏಕೆಂದರೆ ನಮ್ಮ ವಿಷಯದ ತಿರುಳು ಇಲ್ಲಿದೆ. ಮಾರುವವರು ಒಬ್ಬ ಬ್ರೋಕರನ್ನು ನೇಮಿಸುತ್ತಾರೆ. ಆತ ಮನೆಯ ವಿವರವನ್ನು ಲಿಸ್ಟಿಂಗ್ ಕೂಟಕ್ಕೆ ಕೊಡುತ್ತಾನೆ. ಆಗ ಆ ಕೂಟದ ಇತರ ಬ್ರೋಕರುಗಳೆಲ್ಲ ಮಾರುವವರ ಉಪ ಏಜೆಂಟರಾಗುತ್ತಿದ್ದರು. ಇದರ ಪರಿಣಾಮವನ್ನು ಊಹಿಸಿಕೊಳ್ಳಿ. ಒಬ್ಬ ಏಜೆಂಟ್ ಗಂಡ ಹೆಂಡತಿಯನ್ನು ತನ್ನ ಕಾರಿನಲ್ಲಿ ಕೂರಿಸಿಕೊಂಡು ಮೂರು ವಾರ ಹತ್ತಾರು ಮನೆ ತೋರಿಸಿದ್ದಾನೆ. ಅವರ ಸಂಬಳ, ಸಾಲ, ಮಕ್ಕಳ ಶಾಲೆ ಎಲ್ಲವನ್ನೂ ಬಲ್ಲ. ಕೊನೆಗೆ ಒಂದು ಮನೆ ಒಪ್ಪಿಗೆಯಾಗುತ್ತದೆ. “75 ಸಾವಿರ ಡಾಲರಿಗೆ ಕೇಳಿ ನೋಡೋಣ. ಅವರು ಒಪ್ಪದಿದ್ದರೆ 80ರವರೆಗೂ ಹೋಗಬಲ್ಲೆವು” ಎಂದು ದಂಪತಿ ನಂಬಿಕೆಯಿಂದ ಹೇಳುತ್ತಾರೆ. ಅವರ ದೃಷ್ಟಿಯಲ್ಲಿ ಆತ ‘ನಮ್ಮ ಏಜೆಂಟ್’. ಕಾನೂನಿನ ದೃಷ್ಟಿಯಲ್ಲಿ ಆತ ಮಾರುವವರ ಮನುಷ್ಯ. 80 ಸಾವಿರದ ಮಾತನ್ನು ಮಾರುವವರಿಗೆ ತಿಳಿಸುವುದು ಅವನ ಕರ್ತವ್ಯ! ತಿಳಿಸಿದರೆ ನಂಬಿದವರಿಗೆ ದ್ರೋಹ, ತಿಳಿಸದಿದ್ದರೆ ಯಜಮಾನನಿಗೆ ದ್ರೋಹ. ಬಹಳಷ್ಟು ಏಜೆಂಟರು ಇದನ್ನು ಕಂಡೂ ಕಾಣದಂತೆ ನಡೆದುಕೊಂಡರೆಂದು ತೋರುತ್ತದೆ.

ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯ ಅಧಿಕಾರಿಗಳು ಈ ವ್ಯಾಪಾರವನ್ನು ವಿವರವಾಗಿ ಪರಿಶೀಲಿಸಿ 1983ರಲ್ಲಿ ವರದಿ ಪ್ರಕಟಿಸಿದರು. ತಮಗೆ ಮನೆ ತೋರಿಸಿದ ಬ್ರೋಕರ್ ತಮ್ಮ ಪ್ರತಿನಿಧಿಯೆಂದೇ ನೂರರಲ್ಲಿ 70ಕ್ಕೂ ಹೆಚ್ಚು ಕೊಳ್ಳುವವರು ನಂಬಿದ್ದರು ಎಂಬುದು ಅದರಲ್ಲಿ ಹೊರಬಿತ್ತು.

ಮರುವರ್ಷವೇ, 1984ರಲ್ಲಿ, ಕ್ಯಾಲಿಫೋರ್ನಿಯಾದ ಮೇಲ್ಮನವಿ ನ್ಯಾಯಾಲಯದ ಮುಂದೆ ಬಂದ ಪ್ರಕರಣವೊಂದು ಇಡೀ ವೃತ್ತಿಯನ್ನು ಎಚ್ಚರಿಸಿತು. ಡಯಾಬ್ಲೊ ಎಂಬಲ್ಲಿ ಒಬ್ಬರು 1976ರಲ್ಲಿ 1,70,000 ಡಾಲರ್ ಕೊಟ್ಟು ಮನೆ ಕೊಂಡಿದ್ದರು. ಅದು ಸರಿಯಾಗಿ ಗಟ್ಟಿಮಾಡದ, ಮಣ್ಣು ತುಂಬಿದ ನೆಲದ ಮೇಲೆ ಕಟ್ಟಿದ ಮನೆ. ಸ್ವಲ್ಪ ಕಾಲದಲ್ಲೇ ನೆಲ ಜಾರಿತು, ಮನೆ ಹಾಳಾಯಿತು. ಇಳಿಜಾರಿನ ಮೇಲೆ ಹಾಸಿದ ಬಲೆ, ಏರುಪೇರಾದ ನೆಲಗಟ್ಟು ಮುಂತಾದ ಸೂಚನೆಗಳು ಮಾರುವವರ ಏಜೆಂಟರ ಕಣ್ಣಿಗೆ ಬಿದ್ದಿದ್ದವು. ಮಣ್ಣಿನ ಪರೀಕ್ಷೆಗೆ ಯಾರೂ ಹೇಳಿರಲಿಲ್ಲ. ಬ್ರೋಕರ್ ಮಾರುವವರ ಕಡೆಯವನಾದರೂ, ಮನೆಯನ್ನು ತಕ್ಕಮಟ್ಟಿಗೆ ಪರೀಕ್ಷಿಸಿ ಕಂಡ ದೋಷವನ್ನು ಕೊಳ್ಳುವವರಿಗೆ ಹೇಳಲೇಬೇಕು ಎಂದು ನ್ಯಾಯಾಲಯ ತೀರ್ಪಿತ್ತಿತು. ಇದು ದೊಡ್ಡ ಹೆಜ್ಜೆ. ಆದರೂ ದೋಷವನ್ನು ಮುಚ್ಚಿಡದಿರುವುದು ಬೇರೆ, ನಿಮ್ಮ ಪರವಾಗಿ ನಿಂತು ಬೆಲೆ ಚೌಕಾಸಿ ಮಾಡುವುದು ಬೇರೆ ಎಂಬುದನ್ನು ಮರೆಯಬೇಡಿ.

ಮುಂದಿನ ಹತ್ತು ವರ್ಷಗಳಲ್ಲಿ ರಾಜ್ಯಗಳು ಒಂದರ ಹಿಂದೊಂದು, “ನಾನು ಯಾರ ಪ್ರತಿನಿಧಿ” ಎಂಬುದನ್ನು ಏಜೆಂಟ್ ಬರವಣಿಗೆಯಲ್ಲಿ ತಿಳಿಸಬೇಕೆಂದು ಕಾನೂನು ಮಾಡಿದವು. ಕ್ಯಾಲಿಫೋರ್ನಿಯಾದಲ್ಲಿ ಇದು ಜಾರಿಗೆ ಬಂದದ್ದು 1988ರಲ್ಲಿ. 1993ರಲ್ಲಿ ರಿಯಲ್ಟರ್ ಸಂಘವೂ ಕಡ್ಡಾಯ ಉಪ ಏಜೆನ್ಸಿಯನ್ನು ಕೈಬಿಟ್ಟಿತು. ಕೊಳ್ಳುವವರಿಗಾಗಿಯೇ ದುಡಿಯುವ ಏಜೆಂಟ್ ಎಂಬ ವೃತ್ತಿ ಬೆಳೆಯಲು ದಾರಿಯಾಯಿತು. ಒಬ್ಬನೇ ಏಜೆಂಟ್ ಇಬ್ಬರಿಗೂ ಪ್ರತಿನಿಧಿಯಾಗುವುದನ್ನು ಕೊಲರಾಡೊ, ಫ್ಲಾರಿಡಾದಂಥ ರಾಜ್ಯಗಳು ನಿಷೇಧಿಸಿಯೇ ಬಿಟ್ಟವು. ಬೇರೆಡೆ ಇಬ್ಬರ ಒಪ್ಪಿಗೆ ಇದ್ದರೆ ನಡೆಯುತ್ತದೆ.

ಇಲ್ಲಿ ಒಂದು ಕಹಿ ಸಂಗತಿಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಏಜೆಂಟನ್ನು ಆರಿಸುವ ಸ್ವಾತಂತ್ರ್ಯ ಎಲ್ಲರಿಗೂ ಒಂದೇ ಆಗಿರಲಿಲ್ಲ. ಒಂದು ಬಡಾವಣೆಯ ಆಸ್ತಿ ಬೆಲೆ ಇಳಿಸುವಂಥ ಜನಾಂಗದವರನ್ನು ಅಲ್ಲಿಗೆ ತರಬಾರದು ಎಂಬ ಅರ್ಥದ ವಾಕ್ಯ 1924ರಲ್ಲಿ ಆ ನೀತಿಸಂಹಿತೆಗೇ ಸೇರಿತ್ತು! ‘ನೀತಿ’ ಎಂಬ ಶಬ್ದಕ್ಕೆ ಇದಕ್ಕಿಂತ ಹೆಚ್ಚಿನ ಅವಮಾನ ಬೇಕೆ? ಕಪ್ಪು ಜನರ ಬ್ರೋಕರುಗಳು 1947ರಲ್ಲಿ ತಮ್ಮದೇ ಸಂಘ ಕಟ್ಟಿಕೊಂಡು ‘ರಿಯಲ್ಟಿಸ್ಟ್’ ಎಂದು ಹೆಸರಿಟ್ಟುಕೊಂಡರು. ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ, 1968ರ ಏಪ್ರಿಲಿನಲ್ಲಿ, ಮನೆ ಮಾರಾಟದಲ್ಲಿ ಜನಾಂಗಭೇದವನ್ನು ನಿಷೇಧಿಸುವ ಕಾಯಿದೆ ಬಂತು. ಹಾಗಿದ್ದೂ 2019ರಲ್ಲಿ ನ್ಯೂಸ್‌ಡೇ ಪತ್ರಿಕೆ ಲಾಂಗ್ ಐಲೆಂಡಿನ ಏಜೆಂಟರ ಬಳಿಗೆ ಜೋಡಿಜೋಡಿಯಾಗಿ ಪರೀಕ್ಷಕರನ್ನು ಕಳುಹಿಸಿದಾಗ, ಕಪ್ಪು ಪರೀಕ್ಷಕರಿಗೆ ನೂರರಲ್ಲಿ 49 ಸಲ ಭಿನ್ನ ವರ್ತನೆ ಎದುರಾಯಿತು. ಏಷ್ಯಾ ಮೂಲದವರಿಗೆ ಇದು 19 ಸಲ. ರಾಷ್ಟ್ರೀಯ ಸಂಘದ ಅಧ್ಯಕ್ಷರು ಹಿಂದಿನ ನಡವಳಿಕೆಗೆ ಬಹಿರಂಗವಾಗಿ ಕ್ಷಮೆ ಕೇಳಿದ್ದು 2020ರಲ್ಲಿ.

ಮತ್ತೆ ಓಪನ್ ಹೌಸಿನ ಬಾಗಿಲಿಗೆ ಬರೋಣ. ಕೊಳ್ಳುವವರ ಏಜೆಂಟ್ ಹುಟ್ಟಿಕೊಂಡರೂ ಅವನ ಕೂಲಿ ಮಾತ್ರ ಮಾರುವವರ ಕಮಿಷನ್ನಿನಿಂದಲೇ ಬರುತ್ತಿತ್ತು. 4 ಲಕ್ಷ ಡಾಲರಿನ ಮನೆಗೆ ನೂರಕ್ಕೆ 6ರಂತೆ 24 ಸಾವಿರ. ಸಮಪಾಲಾದರೆ ಒಂದೊಂದು ಕಡೆಗೆ 12 ಸಾವಿರ. ಭಾನುವಾರ ಮನೆ ತೋರಿಸಿದ ಏಜೆಂಟ್, “ಗಿರಾಕಿ ಬಂದದ್ದು ನನ್ನಿಂದ, ಆ 12 ಸಾವಿರವೂ ನನಗೇ” ಎನ್ನುತ್ತಾನೆ. ಬುಧವಾರ ನೇಮಕವಾದ ಏಜೆಂಟ್, “ಬೆಲೆ ಮಾತಾಡಿ, ತಪಾಸಣೆ ಮಾಡಿಸಿ, ವ್ಯಾಪಾರ ಮುಗಿಸಿದವನು ನಾನು” ಎನ್ನುತ್ತಾನೆ. ವ್ಯಾಪಾರ ಕುದುರಲು ನಿಜವಾಗಿ ಕಾರಣನಾದವನು ಯಾರು ಎಂಬುದು ಇಂಥ ವ್ಯಾಜ್ಯದಲ್ಲಿ ಹಳೆಯ ಅಳತೆಗೋಲು. ಬಾಗಿಲು ಮೊದಲು ತೆರೆದವನಿಗೇ ಹಣ ಎಂಬ ಸುಲಭ ಸೂತ್ರವನ್ನು ಸಂಘದ ಪಂಚಾಯಿತಿ ನಿಯಮಗಳು ಒಪ್ಪುವುದಿಲ್ಲ. ಮೊದಲಿಂದ ಕೊನೆಯವರೆಗೆ ನಡೆದದ್ದನ್ನೆಲ್ಲ ತೂಗಿನೋಡಬೇಕು. ನೀವು ನೆನಪಿಡಬೇಕಾದದ್ದು, ಇದು ಬ್ರೋಕರ್ ಬ್ರೋಕರುಗಳ ನಡುವಿನ ಜಗಳ. ಸಂದರ್ಶಕರ ಪುಸ್ತಕದಲ್ಲಿ ಹೆಸರು ಬರೆದ ಮಾತ್ರಕ್ಕೆ ಕೊಳ್ಳುವವರು ಯಾರಿಗೂ ಕಟ್ಟುಬೀಳುವುದಿಲ್ಲ. ಆದರೆ ಅನೇಕರಿಗೆ ಇದು ತಿಳಿಯದೆ, ಸಂಕೋಚದಿಂದಲೇ, ಮಾರುವವರ ಏಜೆಂಟನ ಕೈಗೆ ತಮ್ಮ ವ್ಯವಹಾರವನ್ನೂ ಒಪ್ಪಿಸಿಬಿಡುತ್ತಿದ್ದರು.

ಮಾರುವವರಿಗೂ ಒಂದು ದೂರಿತ್ತು: ಎದುರಾಳಿಯ ಏಜೆಂಟನಿಗೆ ನಾವೇಕೆ ಹಣ ಕೊಡಬೇಕು? 2019ರಲ್ಲಿ ಮಿಸೌರಿಯ ಕೆಲವು ಮನೆಮಾರಾಟಗಾರರು ಸಂಘದ ಮೇಲೂ ದೊಡ್ಡ ಬ್ರೋಕರೇಜ್ ಕಂಪನಿಗಳ ಮೇಲೂ ದಾವೆ ಹೂಡಿದರು. 2023ರ ಅಕ್ಟೋಬರ್ 31ರಂದು ಕಾನ್ಸಾಸ್ ಸಿಟಿಯ ಜ್ಯೂರಿ ಅವರ ಪರವಾಗಿ ತೀರ್ಪು ನೀಡಿ, ಸುಮಾರು 178 ಕೋಟಿ ಡಾಲರ್ ಪರಿಹಾರ ನಿಗದಿ ಮಾಡಿತು. 2024ರ ಮಾರ್ಚಿನಲ್ಲಿ ಸಂಘವು 41.8 ಕೋಟಿ ಡಾಲರ್ ಕೊಟ್ಟು ರಾಜಿಗೆ ಒಪ್ಪಿತು. ಹಣಕ್ಕಿಂತ ಹೆಚ್ಚಿನದು ನಿಯಮಗಳ ಬದಲಾವಣೆ. 2024ರ ಆಗಸ್ಟ್ 17ರಿಂದ ಕೊಳ್ಳುವವರ ಏಜೆಂಟನಿಗೆ ಇಷ್ಟು ಪಾಲು ಎಂದು ಲಿಸ್ಟಿಂಗಿನಲ್ಲಿ ನಮೂದಿಸುವಂತಿಲ್ಲ. ಏಜೆಂಟ್ ತನ್ನ ಗಿರಾಕಿಯನ್ನು ಮನೆಯೊಳಗೆ ಕರೆದೊಯ್ಯುವ ಮೊದಲೇ, ತನ್ನ ಶುಲ್ಕ ಎಷ್ಟೆಂದು ಸ್ಪಷ್ಟವಾಗಿ ಬರೆದ ಕರಾರಿಗೆ ಸಹಿ ಆಗಬೇಕು. ಅದನ್ನು ಚೌಕಾಸಿ ಮಾಡಬಹುದು ಎಂಬುದೂ ಅದರಲ್ಲಿ ಇರಬೇಕು.

ನಮ್ಮಲ್ಲಿ 2016ರ ರಿಯಲ್ ಎಸ್ಟೇಟ್ ಕಾಯಿದೆ, ಅಂದರೆ ರೇರಾ, ನೋಂದಾಯಿತ ಯೋಜನೆಗಳ ನಿವೇಶನ, ಫ್ಲಾಟು ಮಾರಿಸುವ ಏಜೆಂಟರಿಗೆ ನೋಂದಣಿಯನ್ನು ಕಡ್ಡಾಯ ಮಾಡಿದೆ. ಆದರೂ ಒಬ್ಬನೇ ದಲ್ಲಾಳಿ ಎರಡೂ ಕಡೆಯಿಂದ ಕಮಿಷನ್ ಪಡೆಯುವುದು ಬೆಂಗಳೂರಿಗೆ ಹೊಸದಲ್ಲ. ಇಲ್ಲಿನ ಆ ರೂಢಿಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಮನೆ ನೋಡಲು ಹೋಗುವ ನಮ್ಮವರಿಗೆ ಅಲ್ಲಿಯ ಕರಾರು ಪತ್ರ ಕಂಡಾಗ ಗಾಬರಿಯಾಗುವುದು ಸಹಜ.

ಹೊಸ ನಿಯಮದಲ್ಲಿ ಓಪನ್ ಹೌಸಿಗೆ ಮಾತ್ರ ವಿನಾಯಿತಿ ಇದೆ. ತಾವಾಗಿಯೇ ಬಂದು ಮನೆ ನೋಡುವವರು ಅಲ್ಲಿರುವ ಏಜೆಂಟನಿಗೆ ಯಾವ ಕರಾರನ್ನೂ ಬರೆದುಕೊಡಬೇಕಾಗಿಲ್ಲ, ಏಕೆಂದರೆ ಆತ ಅಲ್ಲಿ ನಿಂತಿರುವುದು ಮಾರುವವರಿಗಾಗಿ. ನೋಡಿ, ಮನೆಗೆ ಮರಳಿ, ನಾಲ್ಕು ಜನ ಏಜೆಂಟರನ್ನು ವಿಚಾರಿಸಿ, ಶುಲ್ಕ ಮಾತಾಡಿ, ಒಬ್ಬರನ್ನು ಆರಿಸಿಕೊಳ್ಳಲು ಸಮಯ ಉಂಟು. ಒಮ್ಮೆ ಒಬ್ಬರೊಡನೆ ಸಹಿ ಮಾಡಿದ ಮೇಲೆ ಮತ್ತೊಬ್ಬರ ಮೂಲಕ ಕೊಂಡರೆ ಎರಡು ಕಡೆ ಶುಲ್ಕ ತೆರಬೇಕಾದ ಅಪಾಯವಿದೆ. ಕರಾರಿನ ಅವಧಿ ಎಷ್ಟು ಎಂಬುದು ಮುಖ್ಯವಾಗುವುದು ಇದಕ್ಕೇ. ಕ್ಯಾಲಿಫೋರ್ನಿಯಾ 2025ರ ಜನವರಿಯಿಂದ ಅದಕ್ಕೂ ಮಿತಿ ಹಾಕಿದೆ: ಸಾಮಾನ್ಯ ಕೊಳ್ಳುವವರಿಂದ ಒಂದು ಸಲಕ್ಕೆ 3 ತಿಂಗಳಿಗಿಂತ ಹೆಚ್ಚಿನ ಕರಾರನ್ನು ಬರೆಸಿಕೊಳ್ಳುವಂತಿಲ್ಲ.