ಪದರ ಬೇರ್ಪಡಿಕೆ: ಚಿತ್ರದ ಲೇಯರುಗಳು ಪ್ರತ್ಯೇಕ ಕಡತಗಳಾದ ಇತಿಹಾಸ

ಚಿತ್ರ ತಿದ್ದುವ ತಂತ್ರಾಂಶದಲ್ಲಿ ಒಂದರ ಮೇಲೊಂದು ಇಟ್ಟು ಕಟ್ಟಿದ ಲೇಯರುಗಳನ್ನು ಒಂದೊಂದಾಗಿ ಬಿಡಿಸಿ, ಪ್ರತಿಯೊಂದನ್ನೂ ಬೇರೆ ಕಡತವಾಗಿ ಉಳಿಸುವುದಕ್ಕೆ ಪದರ ಬೇರ್ಪಡಿಕೆ ಎನ್ನಬಹುದು. ಇದನ್ನು ವೆಬ್ ವಿನ್ಯಾಸಕರ ಅನುಕೂಲಕ್ಕೆ ಹುಟ್ಟಿದ ಸೌಲಭ್ಯವೆಂದು ಹೇಳುವ ರೂಢಿಯಿದೆ. ಇತಿಹಾಸ ಅಷ್ಟು ಚಿಕ್ಕದಲ್ಲ. ಚಿತ್ರವನ್ನು ಬಿಡಿಸಿಡುವ ಅಗತ್ಯ ಮೊದಲು ಕಂಡದ್ದು ಅಚ್ಚಿನ ಮನೆಯಲ್ಲಿ. ಕನ್ನಡದ ಮಟ್ಟಿಗಂತೂ ಅದನ್ನು ಜೀವಂತವಾಗಿಟ್ಟದ್ದು ಬಣ್ಣಕ್ಕಿಂತ ಹೆಚ್ಚಾಗಿ ಅಕ್ಷರ.

ನಾಲ್ಕು ಬಣ್ಣದ ಆಫ್‌ಸೆಟ್ ಮುದ್ರಣದಲ್ಲಿ ಚಿತ್ರ ಇಡಿಯಾಗಿ ಎಲ್ಲಿಯೂ ಇರುವುದಿಲ್ಲ. ನೀಲಿ, ಕೆಂಪು, ಹಳದಿ, ಕಪ್ಪುಗಳಿಗೆ ಒಂದೊಂದು ಫಿಲ್ಮು, ಒಂದೊಂದು ಪ್ಲೇಟು. ಅವೆಲ್ಲ ಒಂದಾಗುವುದು ಕಾಗದದ ಮೇಲೆ ಮಾತ್ರ. ಇದರಿಂದ ಬಹುಭಾಷಾ ಪ್ರಕಟಣೆಗೆ ದೊಡ್ಡ ಲಾಭವಿತ್ತು: ಮಾತುಗಳೆಲ್ಲ ಕಪ್ಪಿನಲ್ಲಿದ್ದರೆ ಬಣ್ಣದ ಮೂರು ಪ್ಲೇಟುಗಳನ್ನು ಹಾಗೇ ಉಳಿಸಿಕೊಂಡು, ಕಪ್ಪಿನ ಪ್ಲೇಟನ್ನಷ್ಟೇ ಬದಲಿಸಿ ಇನ್ನೊಂದು ಭಾಷೆಯ ಪ್ರತಿ ತೆಗೆಯಬಹುದು. 1947ರಲ್ಲಿ ತೆಲುಗು, ತಮಿಳುಗಳಲ್ಲಿ ಆರಂಭವಾಗಿ 1949ರಲ್ಲಿ ಕನ್ನಡಕ್ಕೂ ಬಂದ ‘ಚಂದಮಾಮ’ದಂಥ ಪತ್ರಿಕೆಗಳಲ್ಲಿ ಚಿತ್ರ ಒಂದೇ, ಲಿಪಿ ಹಲವು ಎಂಬುದನ್ನು ಓದುಗರೇ ಕಂಡಿದ್ದಾರೆ. ಅಚ್ಚಿನ ಕೆಲಸ ಕಂಪ್ಯೂಟರಿಗೆ ಬಂದಾಗಲೂ ಮೊದಲು ಬಂದದ್ದು ಈ ವಿಭಜನೆಯೇ. ಕ್ವಾರ್ಕ್ ಸಂಸ್ಥೆಯ ಡಿಸಿಎಸ್ ಕಡತಶೈಲಿ ಒಂದು ಚಿತ್ರವನ್ನು ಐದು ಕಡತಗಳಾಗಿ ಉಳಿಸುತ್ತಿತ್ತು: ನಾಲ್ಕು ಬಣ್ಣಕ್ಕೆ ನಾಲ್ಕು, ನೋಡಿಕೊಳ್ಳಲು ಒಂದು. ಫೋಟೋಶಾಪಿನಲ್ಲಿ ಆಗ ಲೇಯರುಗಳೇ ಇರಲಿಲ್ಲ. 1990ರಲ್ಲಿ ಹೊರಬಂದ ಆ ತಂತ್ರಾಂಶಕ್ಕೆ ಲೇಯರು ಸೇರಿದ್ದು 1994ರ ಮೂರನೆಯ ಆವೃತ್ತಿಯಲ್ಲಿ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಪ್ಲೇಟು ಒಡೆಯುವುದು ಶಾಯಿಯನ್ನು, ಲೇಯರು ಒಡೆಯುವುದು ವಸ್ತುವನ್ನು. ಹಾಗಾಗಿ ಲೇಯರಿನ ಮೂಲವನ್ನು 1914ರಲ್ಲಿ ಅಮೆರಿಕದ ಅರ್ಲ್ ಹರ್ಡ್ ಪೇಟೆಂಟಿಗೆ ಅರ್ಜಿ ಸಲ್ಲಿಸಿದ ವ್ಯಂಗ್ಯಚಲನಚಿತ್ರದ ಪಾರದರ್ಶಕ ಹಾಳೆಗಳಲ್ಲಿ ಹುಡುಕಬೇಕು ಎನ್ನುವುದು. ರಚನೆಯ ಮಟ್ಟಿಗೆ ಇದು ಸರಿ, ಒಪ್ಪಲೇಬೇಕು. ಆದರೆ ಇಲ್ಲಿನ ಪ್ರಶ್ನೆ ಪದರಗಳನ್ನು ಕಟ್ಟಿದವರು ಯಾರೆಂಬುದಲ್ಲ, ಅವನ್ನು ಬಿಡಿಯಾಗಿ ಹೊರಗೆ ಕಳಿಸಬೇಕಾದದ್ದು ಯಾರಿಗೆ ಎಂಬುದು. ಹಾಳೆಗಳು ಕ್ಯಾಮೆರಾದ ಕೆಳಗೆ ಒಟ್ಟಾಗಿಯೇ ಕೂರುತ್ತಿದ್ದವು. ಪ್ಲೇಟುಗಳು ಮುದ್ರಕನ ಕೈಗೆ ಬಿಡಿಬಿಡಿಯಾಗಿಯೇ ಹೋಗಬೇಕಿತ್ತು.

ಬಿಡಿಸಿಡದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದಲ್ಲಿ ಸಾಕ್ಷ್ಯವಿದೆ. 1784ರಲ್ಲಿ ಟಿಪ್ಪು ಕಟ್ಟಿಸಿದ ದರಿಯಾ ದೌಲತ್‌ನ ಗೋಡೆಯ ಮೇಲೆ 1780ರ ಪೊಲ್ಲಿಲೂರು ಕದನದ ಚಿತ್ರವಿದೆ. ಅದನ್ನು ವೆಲ್ಲೆಸ್ಲಿ ಅಲ್ಲಿ ವಾಸವಿದ್ದಾಗ ಒಮ್ಮೆ, 1850ರ ದಶಕದಲ್ಲಿ ಡಾಲ್‌ಹೌಸಿಯ ಆದೇಶದಂತೆ ಮತ್ತೊಮ್ಮೆ ತಿದ್ದಿ ಬರೆಸಲಾಯಿತು. ಇಂದು ಗೋಡೆಯ ಮುಂದೆ ನಿಂತವರ ಕಣ್ಣಿಗೆ ಮೊದಲ ಕಲಾವಿದನ ಗೆರೆ ಯಾವುದು, ತಿದ್ದಿದವನದು ಯಾವುದು ಎಂದು ತಿಳಿಯುವುದಿಲ್ಲ. ತಂತ್ರಾಂಶದಲ್ಲಿ ಪದರಗಳನ್ನೆಲ್ಲ ಒತ್ತಿ ಒಂದೇ ಜೆಪೆಗ್ ಮಾಡಿದಾಗಲೂ ಆಗುವುದು ಇದೇ ನಷ್ಟ.

ಹಾಗಾದರೆ ಪಿಎಸ್‌ಡಿ ಕಡತವನ್ನೇ ಇಟ್ಟುಕೊಂಡರೆ ಸಾಲದೇ? ಇಂಗ್ಲಿಷಿನ ಮಟ್ಟಿಗೆ ಬಹುಪಾಲು ಸಾಕು. ಕನ್ನಡಕ್ಕೆ ಸಾಲದು. 1998ರಲ್ಲಿ ಬಂದ ‘ಬರಹ’, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇವುಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ತುಣುಕುಗಳು ರೋಮನ್ ಅಕ್ಷರಗಳ ಸಂಕೇತಸ್ಥಾನದಲ್ಲಿ ಕೂತಿರುತ್ತಿದ್ದವು. ಫಾಂಟಿಲ್ಲದ ಯಂತ್ರದಲ್ಲಿ ಕಡತ ತೆರೆದರೆ ಲಗ್ನಪತ್ರಿಕೆಯ ಮುಹೂರ್ತ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲಾಗುತ್ತಿತ್ತು. ಯೂನಿಕೋಡ್ ಬಳಸೋಣವೆಂದರೆ ಫೋಟೋಶಾಪಿಗೆ ಬಹುಕಾಲ ಒತ್ತಕ್ಷರ ಕೂಡಿಸಲು ಬರುತ್ತಿರಲಿಲ್ಲ. ಆದ್ದರಿಂದ ಬರಹದ ಪದರವನ್ನು ಚಿತ್ರವಾಗಿಸಿ, ಹಿನ್ನೆಲೆ ಪಾರದರ್ಶಕವಾಗಿ ಉಳಿಯುವ ಪಿಎನ್‌ಜಿ ಕಡತವಾಗಿ ಕಳಿಸುವುದು ಫ್ಲೆಕ್ಸ್ ಅಂಗಡಿಗೂ ಪತ್ರಿಕೆಗೂ ಸುರಕ್ಷಿತ ದಾರಿ. 1996ರಲ್ಲಿ ರೂಪುಗೊಂಡ ಈ ಕಡತಶೈಲಿ ಇಲ್ಲದೆ ಪದರ ಬೇರ್ಪಡಿಕೆಗೆ ಹೆಚ್ಚು ಬೆಲೆ ಇರುತ್ತಿರಲಿಲ್ಲ. ಜೆಪೆಗ್‌ಗೆ ಪಾರದರ್ಶಕತೆ ಗೊತ್ತೇ ಇಲ್ಲ. ಕೈಯಲ್ಲಿ ಒಂದೊಂದೇ ಪದರ ಉಳಿಸುವ ಬೇಸರವನ್ನು 2003ರ ಫೋಟೋಶಾಪ್ ಸಿಎಸ್ ಜೊತೆಗೆ ಬಂದ ಸ್ಕ್ರಿಪ್ಟ್ ತಪ್ಪಿಸಿತು. 2013ರಲ್ಲಿ ಪದರದ ಹೆಸರಿಗೇ ‘.ಪಿಎನ್‌ಜಿ’ ಎಂಬ ಬಾಲ ಸೇರಿಸಿದರೆ ಕಡತ ತಾನೇ ಸಿದ್ಧವಾಗುವ ಏರ್ಪಾಡು ಬಂತು. ಉಚಿತವಾದ ಜಿಂಪ್‌ನಲ್ಲಿ ಈ ಕೆಲಸ ಬಹಳ ವರ್ಷ ಹೊರಗಿನವರು ಬರೆದ ಪ್ಲಗಿನ್‌ಗಳ ಪಾಲಿಗೇ ಉಳಿದಿತ್ತು.

ಬಿಡಿಸಿದ ಪದರ ಇಡೀ ಚಿತ್ರಕ್ಕೆ ಸಮನಲ್ಲ ಎಂಬ ಟೀಕೆಯನ್ನು ತಳ್ಳಿಹಾಕುವಂತಿಲ್ಲ. ಕೆಳಗಿನ ಬಣ್ಣದೊಡನೆ ಬೆರೆಯುವಂತೆ ಇಟ್ಟ ನೆರಳು ಒಂಟಿಯಾದಾಗ ಬರೀ ಬೂದುಕಲೆ. ಅಂಚು ಕತ್ತರಿಸಿ ಉಳಿಸಿದರೆ ಅದು ಎಲ್ಲಿ ಕೂರಬೇಕೆಂಬ ಗುರುತೂ ಹೋಗುತ್ತದೆ. ಓಪನ್‌ರಾಸ್ಟರ್ ಎಂಬ ಮುಕ್ತ ಕಡತಶೈಲಿ ಇದಕ್ಕೆ ಒಳ್ಳೆಯ ಉತ್ತರ ಕೊಟ್ಟಿದೆ: ಒಂದು ಜಿಪ್ ಪೊಟ್ಟಣದಲ್ಲಿ ಪದರಗಳೆಲ್ಲ ಬೇರೆಬೇರೆ ಪಿಎನ್‌ಜಿಗಳಾಗಿರುತ್ತವೆ, ಅವುಗಳ ಕ್ರಮವನ್ನೂ ಸ್ಥಾನವನ್ನೂ ಬರೆದ ಪಟ್ಟಿ ಜೊತೆಗಿರುತ್ತದೆ. ಆ ಸೌಲಭ್ಯ ಇಲ್ಲದವರು ಎಲ್ಲ ಪದರಗಳನ್ನೂ ಪೂರ್ತಿ ಅಳತೆಯಲ್ಲೇ ಉಳಿಸಿ, ಹೆಸರಿನ ಮೊದಲಿಗೆ ಕ್ರಮಸಂಖ್ಯೆ ಹಾಕಿಟ್ಟರೆ ಕೆಲಸ ನಡೆಯುತ್ತದೆ. ಕನ್ನಡದವರು ಇನ್ನೂ ಒಂದನ್ನು ಮರೆಯಬಾರದು: ಪಿಕ್ಸೆಲ್ಲಾದ ಬರಹವನ್ನು ತಿದ್ದಲಾಗದು, ಹುಡುಕುವುದೂ ಕಷ್ಟ, ಆದ್ದರಿಂದ ಅಕ್ಷರದ ಪ್ರತಿ ಪದರದ ಜೊತೆಗೆ ಅದೇ ಒಕ್ಕಣೆಯನ್ನು ಯೂನಿಕೋಡಿನಲ್ಲಿ ಬರೆದ ಸಾದಾ ಪಠ್ಯ ಕಡತವೊಂದನ್ನೂ ಇಡಬೇಕು.